ಹಂಗಾಮು ಇರುವ ಜಿಂಕೆ, ಹಂಗಾಮು ಇಲ್ಲದ ಜಿಂಕೆ

ಟೆಕ್ಸಾಸ್ ರಾಜ್ಯದಲ್ಲಿ ಬಿಳಿಬಾಲದ ಜಿಂಕೆಗೆ ಬೇಟೆಯ ಹಂಗಾಮು ಎಂಬುದೊಂದಿದೆ. ರಾಜ್ಯದ ಉತ್ತರ ವಲಯದಲ್ಲಿ ಅದು ನವೆಂಬರ್ ತಿಂಗಳ ಮೊದಲ ಶನಿವಾರ ಆರಂಭವಾಗಿ ಜನವರಿಯ ಮೊದಲ ಭಾನುವಾರ ಮುಗಿಯುತ್ತದೆ. ನಾನು ಇಲ್ಲಿ ಹೇಳಹೊರಟಿರುವ ಹಂಗಾಮು 2024ರ ನವೆಂಬರ್ 2ರಿಂದ 2025ರ ಜನವರಿ 5ರವರೆಗೆ ನಡೆಯಿತು. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲು ಗುರಿ ಹಿಡಿಯಬಹುದು, ಮುಳುಗಿದ ಅರ್ಧ ಗಂಟೆಯೊಳಗೆ ಕೋವಿ ಇಳಿಸಬೇಕು. ಲೈಸೆನ್ಸಿನ ಜೊತೆಗೆ ಹೊಡೆದ ಜಿಂಕೆಗೆ ಒಂದೊಂದರಂತೆ ಕಟ್ಟಬೇಕಾದ ಐದು ಟ್ಯಾಗು ಚೀಟಿಗಳು ಬರುತ್ತವೆ, ಅಷ್ಟು ಮುಗಿದರೆ ಆ ವರ್ಷದ ಬೇಟೆ ಮುಗಿಯಿತು. ಆದರೆ ಅದೇ ಗುಡ್ಡದಲ್ಲಿ, ಅದೇ ಓಕ್ ಮರಗಳ ಕೆಳಗೆ ಮೇಯುವ ಚುಕ್ಕೆ ಜಿಂಕೆಗೆ ಹಂಗಾಮು ಇಲ್ಲ, ಟ್ಯಾಗೂ ಇಲ್ಲ. ಬೇಟೆಗಾರನ ಬಳಿ ಲೈಸೆನ್ಸ್ ಇದ್ದು ಜಮೀನಿನ ಯಜಮಾನ ಒಪ್ಪಿದರೆ ವರ್ಷದ ಯಾವ ದಿನ ಬೇಕಾದರೂ, ಎಷ್ಟು ಬೇಕಾದರೂ ಹೊಡೆಯಬಹುದು. ಬಂಡೀಪುರದ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತ ಬೆಳೆದ ಪ್ರಾಣಿಯೊಂದು ಇಲ್ಲಿ ಕಾನೂನಿನ ಕಣ್ಣಿಗೆ ಬೇಟೆಯ ಪ್ರಾಣಿಯೇ ಅಲ್ಲ, ಹೆಚ್ಚುಕಡಿಮೆ ಯಾರದೋ ಸಾಕು ದನ ಎಂದು ತಿಳಿದಾಗ ಆದ ಗಲಿಬಿಲಿ ಈ ಹಂಗಾಮು ಮುಗಿದ ಮೇಲೂ ನನ್ನಲ್ಲಿ ಪೂರ್ತಿ ಇಳಿದಿಲ್ಲ.

ನನ್ನ ಗಂಡನ ಮನೆಯವರ ಜಮೀನು ಇರುವುದು ಕಿಂಬಲ್ ಕೌಂಟಿಯಲ್ಲಿ, ಲಾನೋ ನದಿಯ ಉತ್ತರ ಮತ್ತು ದಕ್ಷಿಣ ಕವಲುಗಳು ಕೂಡುವ ಜಂಕ್ಷನ್ ಎಂಬ ಪಟ್ಟಣದ ಹೊರಗೆ. ಹಿಲ್ ಕಂಟ್ರಿ ಎಂದು ಕರೆಯುವ ಈ ಸೀಮೆಯಲ್ಲಿ ಮಣ್ಣು ತೆಳುವಾಗಿದ್ದು, ಒಂದು ಗೇಣು ಅಗೆಯುವಷ್ಟರಲ್ಲಿ ಸುಣ್ಣಕಲ್ಲು ಸಿಗುತ್ತದೆ. ಲೈವ್ ಓಕ್, ಇಲ್ಲಿನವರು ಸೀಡರ್ ಎಂದು ಬೈಯುವ ಜುನಿಪರ್, ಪಾಪಾಸುಕಳ್ಳಿ, ತಗ್ಗಿನಲ್ಲಿ ನಮ್ಮ ಬಳ್ಳಾರಿ ಜಾಲಿಯ ದಾಯಾದಿಯಾದ ಮೆಸ್ಕೀಟ್. ತೀರ್ಥಹಳ್ಳಿಯ ಕಡೆಯ ಮಳೆಯಲ್ಲಿ ಬೆಳೆದ ನನಗೆ ಈ ನೆಲ ಮೊದಮೊದಲು ನೆಲವೆಂದೇ ಅನ್ನಿಸಿರಲಿಲ್ಲ. 1840ರ ದಶಕದಲ್ಲಿ ಫ್ರೆಡರಿಕ್ಸ್‌ಬರ್ಗ್ ಕಡೆಗೆ ಬಂದು ನೆಲೆಸಿದ ಜರ್ಮನ್ ವಲಸಿಗರ ಪೀಳಿಗೆಯವರು ನಮ್ಮ ಮಾವನ ಹಿರಿಯರು. ಅವರ ಮಕ್ಕಳು ಮೊಮ್ಮಕ್ಕಳು ಇನ್ನಷ್ಟು ಪಶ್ಚಿಮಕ್ಕೆ ಸರಿದು, ಉಳುಮೆಗೆ ಒದಗದ ಈ ಕಲ್ಲುಗುಡ್ಡಗಳಲ್ಲಿ ಕುರಿ ಮತ್ತು ಅಂಗೋರಾ ಮೇಕೆ ಸಾಕಿ ಬದುಕಿದರು.

ಬೇಟೆಯ ಕಥೆ ಹೇಳುವಾಗ ಮೇಕೆಯ ಕಥೆಯನ್ನು ಬಿಡುವಂತಿಲ್ಲ. ಅಂಗೋರಾ ಮೇಕೆಯ ಮೋಹೇರ್ ಉಣ್ಣೆಗೆ 1954ರ ರಾಷ್ಟ್ರೀಯ ಉಣ್ಣೆ ಕಾಯ್ದೆಯ ಅಡಿಯಲ್ಲಿ ಸರ್ಕಾರದ ಸಹಾಯಧನ ಸಿಗುತ್ತಿತ್ತು, ಆ ಹಣದಲ್ಲೇ ಈ ಸೀಮೆಯ ಎಷ್ಟೋ ಕುಟುಂಬಗಳು ಮಕ್ಕಳನ್ನು ಕಾಲೇಜಿಗೆ ಕಳಿಸಿದವು. 1993ರಲ್ಲಿ ಅದನ್ನು ನಿಲ್ಲಿಸುವ ತೀರ್ಮಾನವಾಗಿ, ಎರಡು ಮೂರು ವರ್ಷಗಳಲ್ಲಿ ಹಣ ಬರುವುದು ನಿಂತಿತು, ಮೇಕೆಗಳೂ ಹೋದವು. ಆಗ ಜಮೀನನ್ನು ಉಳಿಸಿದ್ದು ಜಿಂಕೆ. ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ ನಗರಗಳ ವಕೀಲರು, ದಂತವೈದ್ಯರು, ಕೊಳಾಯಿ ಗುತ್ತಿಗೆದಾರರು ಹಂಗಾಮಿಗೆ ಇಷ್ಟು ಎಂದು ಮುಂಗಡ ಕೊಟ್ಟು ಬೇಟೆಯ ಹಕ್ಕನ್ನು ಗೇಣಿಗೆ ಪಡೆಯುತ್ತಾರೆ. ಗೇಣಿಯೆಂಬುದು ನಮ್ಮ ಕಡೆ 1974ರ ಭೂಸುಧಾರಣೆಯೊಂದಿಗೆ ಮುಗಿದುಹೋದ ಅಧ್ಯಾಯ. ಇಲ್ಲಿ ಉಳುವವನೇ ಇಲ್ಲದ ಗೇಣಿಯೊಂದು ವರ್ಷವರ್ಷವೂ ಹೊಸದಾಗುತ್ತದೆ. ಟೆಕ್ಸಾಸಿನ ನೆಲದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಖಾಸಗಿಯವರ ಕೈಯಲ್ಲಿರುವುದರಿಂದ ನಗರದವನಿಗೆ ಬೇಟೆಯಾಡಲು ಬೇರೆ ದಾರಿಯೂ ಹೆಚ್ಚಿಲ್ಲ. ಅದಕ್ಕೆ ಮೇಲಾಗಿ, 1995ರಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯೊಂದರಿಂದ ವನ್ಯಜೀವಿ ನಿರ್ವಹಣೆಯನ್ನೂ ಕೃಷಿಯಂತೆಯೇ ಪರಿಗಣಿಸಿ ಕಂದಾಯವನ್ನು ಕೆಳಮಟ್ಟದಲ್ಲಿ ಇಡಲಾಗುತ್ತದೆ. ಅದಕ್ಕೆ ಕಾನೂನು ಹೆಸರಿಸಿರುವ ಏಳು ಬಗೆಯ ಕೆಲಸಗಳಲ್ಲಿ ಕನಿಷ್ಠ ಮೂರನ್ನು ಮಾಡಿ ತೋರಿಸಬೇಕು: ಸೀಡರ್ ಕಡಿದು ಹುಲ್ಲಿಗೆ ಜಾಗ ಮಾಡುವುದು, ನೀರಿನ ತೊಟ್ಟಿ ಇಡುವುದು, ಜಿಂಕೆಗಳನ್ನು ಎಣಿಸುವುದು, ಇಂಥವು. ನಗರದ ಕಡೆಯಿಂದ ಹಣವಂತರು ಬಂದು ಎಕರೆಯ ಬೆಲೆಯನ್ನು ಏರಿಸುತ್ತಿರುವ ಈ ಕಾಲದಲ್ಲಿ ಪೂರ್ತಿ ಕಂದಾಯ ಕಟ್ಟಬೇಕಾಗಿ ಬಂದರೆ ನಮ್ಮ ಮಾವ ಜಮೀನನ್ನು ಮಾರಲೇಬೇಕಾಗುತ್ತದೆ. ಬೇಟೆಯೆಂದರೆ ಶೋಕಿ ಎಂದುಕೊಂಡು ಬಂದ ನನಗೆ ಈ ಮನೆಯಲ್ಲಿ ಅದು ಮುಖ್ಯವಾಗಿ ಲೆಕ್ಕಪತ್ರವಾಗಿ ಕಾಣಿಸಿತು.

ಮಾವನ ಲೆಕ್ಕದ ಪುಸ್ತಕ ಅಡುಗೆಮನೆಯ ಕಪಾಟಿನಲ್ಲಿದೆ. ಹೊಡೆದ ಪ್ರತಿ ಬಿಳಿಬಾಲದ ಜಿಂಕೆಗೂ ಒಂದು ಸಾಲು: ದಿನ, ಗಂಡೋ ಹೆಣ್ಣೋ, ಕರುಳು ತೆಗೆದ ಮೇಲಿನ ತೂಕ, ಕೊಂಬಿನ ಅಗಲ, ವಯಸ್ಸು. ವಯಸ್ಸನ್ನು ಕೆಳದವಡೆಯ ಹಲ್ಲು ನೋಡಿ ಹೇಳುತ್ತಾರೆ. ಮರಿಯ ಮೂರನೆಯ ಮುಂದವಡೆ ಹಲ್ಲಿನಲ್ಲಿ ಮೂರು ಉಬ್ಬುಗಳಿರುತ್ತವೆ, ಒಂದೂವರೆ ವರ್ಷದ ಸುಮಾರಿಗೆ ಅದು ಬಿದ್ದು ಎರಡು ಉಬ್ಬಿನ ಹಲ್ಲು ಬರುತ್ತದೆ. ಅಲ್ಲಿಂದ ಮುಂದೆ ಸವೆತವೇ ಸಾಕ್ಷಿ. ಕೊಟ್ಟಿಗೆಯ ತಂತಿಯಲ್ಲಿ ಹಳೆಯ ದವಡೆಗಳನ್ನು ವಯಸ್ಸಿನ ಪ್ರಕಾರ ಪೋಣಿಸಿ ತೂಗುಹಾಕಿದ್ದಾರೆ, ಹೊಸದನ್ನು ಅವುಗಳ ಪಕ್ಕ ಹಿಡಿದು ಹೋಲಿಸುತ್ತಾರೆ. ಮಳೆ ಕಡಿಮೆಯಾದ ವರ್ಷದ ತೂಕ, ಓಕ್ ಕಾಯಿ ಸಮೃದ್ಧವಾಗಿ ಉದುರಿದ ವರ್ಷದ ತೂಕ, ಎಲ್ಲವೂ ಆ ಪುಸ್ತಕದಲ್ಲಿವೆ. ಈ ಸಲ ಅಕ್ಟೋಬರ್ ತಿಂಗಳು ಬಿಸಿಲಿನಲ್ಲೇ ಒಣಗಿಹೋಗಿತ್ತು, ಹೆಣ್ಣುಗಳ ಬೆನ್ನೆಲುಬು ಕಾಣುತ್ತಿತ್ತು. ಮೇವಿಗಿಂತ ಬಾಯಿಗಳು ಹೆಚ್ಚಾಗಿವೆ, ಹೆಣ್ಣುಗಳನ್ನು ಹೆಚ್ಚು ತೆಗೆಯಬೇಕು ಎಂದು ಮಾವ ಹಂಗಾಮಿನ ಮೊದಲೇ ತೀರ್ಮಾನಿಸಿದ್ದರು. ಗೇಣಿಯವರಿಗೆ ಇದು ಇಷ್ಟವಾಗುವ ಮಾತಲ್ಲ, ಅವರು ಬರುವುದು ಕೊಂಬಿಗಾಗಿ.

ನಾನು ಕೋವಿ ಹಿಡಿಯಲು ಕಲಿತದ್ದು ಇಲ್ಲಿಗೆ ಬಂದ ಮೇಲೆ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆಗಾರರ ಶಿಕ್ಷಣದ ತರಗತಿ ಕಡ್ಡಾಯ. ನಾನು ಅದನ್ನು ಹದಿಹರೆಯದ ಹುಡುಗರ ನಡುವೆ ಕುಳಿತು ಮುಗಿಸಿದೆ. ಊರಿನ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಜೋಡುನಳಿಗೆಯ ಕೋವಿ ಇತ್ತು, ಆದರೆ ನನ್ನ ಬಾಲ್ಯದಲ್ಲಿ ಅದು ಹೊರಗೆ ಬಂದದ್ದನ್ನು ಕಂಡದ್ದು ಮುಖ್ಯವಾಗಿ ಚುನಾವಣೆಯ ಹೊತ್ತಿನಲ್ಲಿ, ಪೊಲೀಸ್ ಠಾಣೆಗೆ ಒಪ್ಪಿಸಿ ಬರಲು. ಅಜ್ಜ ಹೇಳುತ್ತಿದ್ದ ಶಿಕಾರಿಯ ಕಥೆಗಳೆಲ್ಲ 1972ರ ವನ್ಯಜೀವಿ ಕಾಯ್ದೆಗೆ ಹಿಂದಿನವು, ಅಥವಾ ಹಿಂದಿನವು ಎಂದು ಅವರು ಹೇಳುತ್ತಿದ್ದರು. ಕಡವೆ, ಕಾಡುಕುರಿ, ಹಂದಿ. ನಾಯಿ ಬಿಟ್ಟು ಹಳು ನುಗ್ಗುವವರು ಒಂದು ಕಡೆ, ದಾರಿ ಕಟ್ಟಿ ಬಿಲ್ಲಿಗೆ ಕೂರುವವರು ಇನ್ನೊಂದು ಕಡೆ. ಗದ್ದಲದ, ಗಂಡಸರದೇ ಆದ, ಪಾಲಿನ ಜಗಳದಲ್ಲಿ ಮುಗಿಯುವ ಬೇಟೆ ಅದು. ಇಲ್ಲಿನ ಬೇಟೆಯಲ್ಲಿ ಮಾಡಬೇಕಾದ ಮುಖ್ಯ ಕೆಲಸ ಸುಮ್ಮನೆ ಕೂರುವುದು.

ಕೂರುವುದಕ್ಕೆ ಬ್ಲೈಂಡ್ ಎಂಬ ಗೂಡು, ನಮ್ಮ ಗದ್ದೆಯ ಮಾಳಕ್ಕೆ ತಗಡಿನ ಗೋಡೆ ಕಟ್ಟಿದ ಹಾಗೆ. ಅದರಿಂದ ನೂರು ಗಜ ದೂರದಲ್ಲಿ ಮೂರು ಕಾಲಿನ ಮೇಲೆ ನಿಂತ ಫೀಡರ್. ನಿಗದಿತ ಹೊತ್ತಿಗೆ ಬ್ಯಾಟರಿಯ ಚಕ್ರ ತಿರುಗಿ ಮೆಕ್ಕೆಜೋಳ ಚೆಲ್ಲುತ್ತದೆ. ಇದು ಬೇಟೆಯೇ ಅಲ್ಲ ಎನ್ನುವವರು ಅಮೆರಿಕದಲ್ಲೇ ಬಹಳ ಮಂದಿ ಇದ್ದಾರೆ, ಹಲವು ರಾಜ್ಯಗಳಲ್ಲಿ ಹೀಗೆ ಮೇವು ಹಾಕುವುದು ನಿಷಿದ್ಧ ಕೂಡ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಜಿಂಕೆಯನ್ನು ನಿಂತಲ್ಲಿ ನಿಲ್ಲಿಸಿ, ಹೆಣ್ಣೋ ಗಂಡುಮರಿಯೋ, ಜೊತೆಗೆ ಮರಿ ಇದೆಯೋ ಇಲ್ಲವೋ ಎಂದು ದುರ್ಬೀನಿನಲ್ಲಿ ಹತ್ತು ನಿಮಿಷ ನೋಡಿ ತೀರ್ಮಾನಿಸಲು ಅವಕಾಶವಾಗುವುದು ಈ ಜೋಳದಿಂದಲೇ. ಪೊದೆಯಲ್ಲಿ ಓಡುವ ಪ್ರಾಣಿಗೆ ಗುಂಡು ಹಾರಿಸಿ, ಗಾಯವಾದದ್ದನ್ನು ಇಡೀ ದಿನ ಹುಡುಕುವುದಕ್ಕಿಂತ ಇದು ಹೆಚ್ಚು ಸಭ್ಯವಾದದ್ದು ಎಂಬುದು ಈಗಿನ ನನ್ನ ಅಭಿಪ್ರಾಯ, ಸೊಗಸಿಲ್ಲ ಎಂಬುದನ್ನು ಒಪ್ಪಿಕೊಂಡೇ.

ನವೆಂಬರಿನ ನಡುವೆ ಉತ್ತರದ ಗಾಳಿ ಬೀಸಿ ಚಳಿ ಇಳಿದ ಒಂದು ಬೆಳಿಗ್ಗೆ ಮಾವ ನನ್ನನ್ನು ಕರೆದುಕೊಂಡು ಹೋದರು. ಕತ್ತಲಲ್ಲಿ ನಡೆದು ಗೂಡು ಹತ್ತಿದೆವು. ಬೆಳಕು ಬರುವಾಗ ಮೊದಲು ಕಾಣುವುದು ಸುಣ್ಣಕಲ್ಲು. ಆಮೇಲೆ ಮರಗಳು ಒಂದೊಂದಾಗಿ ಬೇರೆಯಾಗುತ್ತವೆ, ಆಮೇಲೆ ಮರವೆಂದುಕೊಂಡ ಒಂದು ಕಿವಿ ಅಲ್ಲಾಡಿಸುತ್ತದೆ. ಬಿಳಿಬಾಲದ ಜಿಂಕೆ ನಮ್ಮ ಚುಕ್ಕೆ ಜಿಂಕೆಯಂತೆ ಹಿಂಡು ಕಟ್ಟುವುದಿಲ್ಲ. ಒಂದೋ ಎರಡೋ, ತಾಯಿ ಮತ್ತು ಆ ವರ್ಷದ ಮರಿ. ಒಂದು ಹೆಜ್ಜೆ ಇಟ್ಟು ನಿಲ್ಲುತ್ತದೆ, ತಲೆ ತಗ್ಗಿಸುವ ನಟನೆ ಮಾಡಿ ಥಟ್ಟನೆ ಎತ್ತುತ್ತದೆ. ಅದು ಬೆದೆಯ ಕಾಲ. ಗಂಡೊಂದು ಮೂಗನ್ನು ನೆಲಕ್ಕೆ ಹಚ್ಚಿಕೊಂಡು, ಜೋಳದ ಕಡೆ ನೋಡದೆ, ಹೆಣ್ಣುಗಳ ಜಾಡು ಹಿಡಿದು ದಾಟಿಹೋಯಿತು. ಒಂಟಿ ಹೆಣ್ಣು ಬಂದಾಗ ಮಾವ ನನ್ನ ಮೊಣಕೈ ಮುಟ್ಟಿದರು. ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೆಯ ಒಂದು ಭಾಗದ ಎತ್ತರಕ್ಕೆ ಗುರಿ. ಅಲ್ಲಿ ಹೃದಯವೂ ಶ್ವಾಸಕೋಶವೂ ಇವೆ. ಈಡಿನ ಸದ್ದು ಗುಡ್ಡದಿಂದ ಮರಳಿ ಬರುವಷ್ಟರಲ್ಲಿ ಅದು ಸ್ವಲ್ಪ ದೂರ ಓಡಿ ಜುನಿಪರ್ ಬುಡದಲ್ಲಿ ಬಿದ್ದಿತ್ತು.

ಅಲ್ಲಿ ಮಾಡಬೇಕಾದ ಮೊದಲ ಕೆಲಸ ಕತ್ತಿಯದ್ದಲ್ಲ, ಕಾಗದದ್ದು. ಲೈಸೆನ್ಸಿನಿಂದ ಟ್ಯಾಗನ್ನು ಹರಿದು, ಅದರಲ್ಲಿ ಅಚ್ಚಾಗಿರುವ ತಿಂಗಳನ್ನೂ ದಿನವನ್ನೂ ಚಾಕುವಿನ ತುದಿಯಿಂದ ಕತ್ತರಿಸಿ ತೆಗೆದು, ಜಾಗದ ಹೆಸರು ಬರೆದು ಪ್ರಾಣಿಗೆ ಕಟ್ಟಬೇಕು. ಬೆರಳು ಮರಗಟ್ಟಿದ್ದರಿಂದ ನನಗೆ ಹೊತ್ತು ಹಿಡಿಯಿತು. ಮಾವ ಟೊಪ್ಪಿಗೆ ತೆಗೆದು ಕಾಯುತ್ತಿದ್ದರು. ಕಾಡುಜಿಂಕೆ ಯಾರ ಜಮೀನಿನಲ್ಲಿ ಮೇದರೂ ಟೆಕ್ಸಾಸಿನಲ್ಲಿ ಅದು ರಾಜ್ಯದ ಜನರಿಗೆ ಸೇರಿದ್ದು. ಬೇಲಿ ಮಾತ್ರ ನಮ್ಮದು. ಅದರ ಮಾಂಸವನ್ನು ಮಾರುವಂತಿಲ್ಲ. ಆ ಚೂರು ಕಾಗದ ಆ ಜನರಿಂದ ಬಂದ ರಸೀದಿ ಎಂದು ಅವರು ಒಮ್ಮೆ ಹೇಳಿದ್ದರು, ಭಾವುಕತೆಯಿಂದಲ್ಲ, ತೆರಿಗೆ ಕಟ್ಟುವವರ ಧ್ವನಿಯಲ್ಲಿ.

ಹಂಗಾಮಿನ ದಿನಾಂಕಗಳಲ್ಲಿಯೂ ಒಂದು ವಿವೇಕವಿದೆ. ಬಿಳಿಬಾಲದ ಜಿಂಕೆ ಇಲ್ಲಿ ಹೆಚ್ಚಾಗಿ ಜೂನ್ ಆಸುಪಾಸಿನಲ್ಲಿ ಮರಿ ಹಾಕುತ್ತದೆ, ನವೆಂಬರ್ ಹೊತ್ತಿಗೆ ಮರಿ ಹಾಲು ಬಿಟ್ಟು ತಾನೇ ಮೇದು ಬದುಕಬಲ್ಲದು. ತಾಯಿಯನ್ನು ಹೊಡೆದರೆ ಅದರ ಹಿಂದೆ ಹಸಿದು ಸಾಯುವ ಜೀವ ಇಲ್ಲ ಎಂಬ ಭರವಸೆಯನ್ನು ಕ್ಯಾಲೆಂಡರ್ ಕೊಡುತ್ತದೆ.

ಮರಿಗಳ ಮಾತು ಬಂದಾಗ ನೊಣದ ಮಾತೂ ಬರುತ್ತದೆ. ಸ್ಕ್ರೂವರ್ಮ್ ಎಂಬ ನೊಣ ಬಿಸಿರಕ್ತದ ಪ್ರಾಣಿಯ ಹಸಿ ಗಾಯದಲ್ಲಿ, ಆಗಷ್ಟೇ ಹುಟ್ಟಿದ ಮರಿಯ ಹೊಕ್ಕುಳಲ್ಲಿ ಮೊಟ್ಟೆ ಇಡುತ್ತದೆ, ಹುಳುಗಳು ಜೀವಂತ ಮಾಂಸವನ್ನು ತಿನ್ನುತ್ತವೆ. ಒಂದು ಕಾಲದಲ್ಲಿ ಈ ಸೀಮೆಯ ಜಿಂಕೆಮರಿಗಳಲ್ಲಿ ಬಹುಪಾಲು ಇದರಿಂದಲೇ ಸಾಯುತ್ತಿದ್ದವು. ವಿಕಿರಣದಿಂದ ಬಂಜೆಗೊಳಿಸಿದ ಗಂಡುನೊಣಗಳನ್ನು ವಿಮಾನದಿಂದ ಕೋಟಿಗಟ್ಟಲೆ ಚೆಲ್ಲಿ 1960ರ ದಶಕದಲ್ಲಿ ಅದನ್ನು ಹಿಮ್ಮೆಟ್ಟಿಸಿದ ಮೇಲೆಯೇ ಜಿಂಕೆಗಳು ಈಗಿನ ಮಟ್ಟಕ್ಕೆ ಹೆಚ್ಚಿದ್ದು. ರಾಜ್ಯದಲ್ಲಿ ಇಂದು ಐವತ್ತು ಲಕ್ಷಕ್ಕೂ ಮೀರಿ ಇವೆ. ಮೇಕೆಗಳ ಗಾಯಗಳಿಗೆ ಕಪ್ಪು ಮದ್ದು ಬಳಿಯುತ್ತ ಹುಡುಗನಾಗಿ ಕಳೆದ ಬೇಸಿಗೆಗಳನ್ನು ಮಾವ ಮರೆತಿಲ್ಲ. ಈ ಹಂಗಾಮಿನ ನಡುವೆಯೇ, ನವೆಂಬರಿನ ಕೊನೆಯಲ್ಲಿ, ಆ ನೊಣ ಮೆಕ್ಸಿಕೊದ ದಕ್ಷಿಣ ತುದಿಯ ಚಿಯಾಪಾಸಿನಲ್ಲಿ ಮತ್ತೆ ಕಾಣಿಸಿಕೊಂಡ ಸುದ್ದಿ ಬಂತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಮೇಜಿನಲ್ಲಿ ಅದರ ಹೊರತು ಬೇರೆ ಮಾತಿರಲಿಲ್ಲ.

ಇನ್ನು ಚುಕ್ಕೆ ಜಿಂಕೆ. ಇಲ್ಲಿ ಅದರ ಹೆಸರು ಆಕ್ಸಿಸ್. 1932ರಲ್ಲಿ ಬೇಟೆಯ ಆಸಕ್ತಿಗಾಗಿ ಅದನ್ನು ಟೆಕ್ಸಾಸಿಗೆ ತಂದರು. ಬೇಲಿ ಮುರಿದು, ಬಾಗಿಲು ತೆರೆದು, ಕೆಲವನ್ನು ಬೇಕೆಂದೇ ಬಿಟ್ಟು, ಅದು ಲಾನೋ ನದಿಯ ಕಣಿವೆಯುದ್ದಕ್ಕೂ ಹರಡಿತು. ರಾಣೆಬೆನ್ನೂರಿನ ಕೃಷ್ಣಮೃಗದ ಬಳಗವೂ ಅದೇ ಕಾಲದಲ್ಲಿ ಬಂದು ಈ ಪ್ರಸ್ಥಭೂಮಿಯಲ್ಲಿ ನೆಲೆಯೂರಿದೆ. ಪಾಕಿಸ್ತಾನದಲ್ಲಿ ಕೃಷ್ಣಮೃಗ ಅಳಿದುಹೋದಾಗ 1970ರಲ್ಲಿ ಟೆಕ್ಸಾಸಿನಿಂದಲೇ ಅಲ್ಲಿನ ಲಾಲ್ ಸುಹಾನ್ರಾ ಉದ್ಯಾನಕ್ಕೆ ಅವುಗಳನ್ನು ಕಳಿಸಿಕೊಟ್ಟರು. ಪ್ರಾಣಿಗಳ ಈ ವಲಸೆಯ ಎದುರಿಗೆ ಗಿಡಗಳ ಕಥೆಯನ್ನು ಇಟ್ಟು ನೋಡುವುದು ನನ್ನದೊಂದು ಚಟ. ಅಮೆರಿಕದ ಉಷ್ಣ ವಲಯದ ಲಾಂಟಾನಾ ಬಂಡೀಪುರದ ಹುಲ್ಲನ್ನು ಮುಚ್ಚಿ ಅಲ್ಲಿನ ಜಿಂಕೆಯ ಮೇವನ್ನು ಕಡಿಮೆ ಮಾಡಿದೆ; ಇತ್ತ ನಮ್ಮ ಜಿಂಕೆ ಇಲ್ಲಿನ ಜಿಂಕೆಯ ಮೇವನ್ನು ತಿನ್ನುತ್ತಿದೆ.

ತಿನ್ನುವುದು ಸುಮ್ಮನೆ ಹೇಳಿದ ಮಾತಲ್ಲ. ಇದೇ ಹಿಲ್ ಕಂಟ್ರಿಯ ಕೆರ್ ವನ್ಯಜೀವಿ ನಿರ್ವಹಣಾ ಪ್ರದೇಶದಲ್ಲಿ 1971ರಲ್ಲಿ 96 ಎಕರೆಗೆ ಬೇಲಿ ಹಾಕಿ ಆರು ಬಿಳಿಬಾಲದ ಜಿಂಕೆಗಳನ್ನೂ ಆರು ಸಿಕಾ ಜಿಂಕೆಗಳನ್ನೂ ಬಿಟ್ಟರು. 1979ರ ಹೊತ್ತಿಗೆ ಅಲ್ಲಿ ಬಿಳಿಬಾಲದ ಒಂದು ಜಿಂಕೆಯೂ ಉಳಿದಿರಲಿಲ್ಲ. ಸಿಕಾ ಬಂದದ್ದು ಪೂರ್ವ ಏಷ್ಯಾದಿಂದ, ಆದರೆ ಆಕ್ಸಿಸ್‌ಗೂ ಅದಕ್ಕೂ ಇಲ್ಲಿ ಒಂದೇ ಬಗೆಯ ಅನುಕೂಲವಿದೆ. ಬಿಳಿಬಾಲದ ಜಿಂಕೆ ಎಳೆ ಸೊಪ್ಪು, ಚಿಗುರು, ಕಾಯಿ ತಿಂದು ಬದುಕುವ ಪ್ರಾಣಿ, ಬಲಿತ ಹುಲ್ಲು ಅದರ ಹೊಟ್ಟೆಗೆ ಒಗ್ಗುವುದಿಲ್ಲ. ಚುಕ್ಕೆ ಜಿಂಕೆ ಮೊದಲು ಸೊಪ್ಪನ್ನೂ ತಿನ್ನುತ್ತದೆ, ಅದು ಮುಗಿದ ಮೇಲೆ ಹುಲ್ಲಿಗೆ ಇಳಿದು ದನದಂತೆ ಮೇಯುತ್ತದೆ. ಬರ ಬಂದಾಗ ಸಾಯುವುದು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಹುಲಿ, ಚಿರತೆ, ಕೆನ್ನಾಯಿಗಳ ಭಯದಲ್ಲಿ ರೂಪುಗೊಂಡ ಈ ಜಿಂಕೆಗೆ ಇಲ್ಲಿ ತೋಳದ ಚಿಕ್ಕ ದಾಯಾದಿಯಾದ ಕೊಯೊಟಿಯ ಹೊರತು ಹೇಳಿಕೊಳ್ಳುವಂಥ ಶತ್ರು ಇಲ್ಲ. ತೋಳವನ್ನು ಈ ರಾಜ್ಯದವರು ಎಂದೋ ಮುಗಿಸಿದ್ದಾರೆ. ಆದರೂ ಅದು ಅಪಾಯದ ಕೂಗನ್ನು ಮರೆತಿಲ್ಲ. ನಮ್ಮ ಪಿಕಪ್ ಟ್ರಕ್ಕಿಗೆ, ನಾಯಿಗೆ, ಕೊಡೆ ಹಿಡಿದ ಅತ್ತೆಗೆ, ಎಲ್ಲಕ್ಕೂ ಬಂಡೀಪುರದಲ್ಲಿ ಹುಲಿಗೆ ಕೂಗುವ ಕೂಗನ್ನೇ ಕೂಗುತ್ತದೆ.

ಅದಕ್ಕೆ ಇಲ್ಲಿ ಇರುವ ನಿಜವಾದ ಶತ್ರು ಚಳಿ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನ ವಿದ್ಯುತ್ ಜಾಲವನ್ನೇ ಮಲಗಿಸಿದ ಹಿಮಗಾಳಿ ಬೀಸಿದಾಗ ಬಿಸಿನಾಡಿನ ಈ ಪ್ರಾಣಿಗಳು, ಚುಕ್ಕೆ ಜಿಂಕೆ ಮತ್ತು ಕೃಷ್ಣಮೃಗ ಎರಡೂ, ಹಿಂಡುಹಿಂಡಾಗಿ ಸತ್ತವು. ಸೀಡರ್ ಮರಗಳ ಕೆಳಗೆ ಒಂದಕ್ಕೊಂದು ಒತ್ತಿಕೊಂಡು ಮಲಗಿದಲ್ಲೇ ಮರಗಟ್ಟಿದ್ದವು. ಪಕ್ಕದಲ್ಲೇ ಬಿಳಿಬಾಲದ ಜಿಂಕೆಗಳು ಮಂಜನ್ನು ಕೆದಕಿ ಮೇಯುತ್ತಿದ್ದವು. ಆಗ ನೆರೆಹೊರೆಯವರೆಲ್ಲ ಇನ್ನು ಆಕ್ಸಿಸ್ ಕಾಟ ಮುಗಿಯಿತು ಎಂದಿದ್ದರಂತೆ. ಮುಗಿಯಲಿಲ್ಲ, ಉಳಿದವುಗಳಿಂದಲೇ ಹಿಂಡುಗಳು ಮತ್ತೆ ಕಟ್ಟಿಕೊಂಡವು.

ಡಿಸೆಂಬರಿನ ಒಂದು ಸಂಜೆ ಅಂಥದೊಂದು ಹಿಂಡು ಫೀಡರಿನ ಬಳಿಗೆ ಬಂತು. ಬಿಳಿಬಾಲದ ಎರಡು ಜಿಂಕೆಗಳು ಅದಕ್ಕೆ ಜಾಗ ಬಿಟ್ಟು ಅಂಚಿಗೆ ಸರಿದು ನಿಂತವು. ಚುಕ್ಕೆ ಜಿಂಕೆಗೆ ಮರಿ ಹಾಕಲು ಗೊತ್ತಾದ ತಿಂಗಳಿಲ್ಲ. ಹಿಂಡಿನಲ್ಲಿ ಬಲಿತ ಕೊಂಬಿನ ಗಂಡು, ಇನ್ನೂ ಬೆಳೆಯುತ್ತಿರುವ, ಮಕಮಲ್ಲಿನಂಥ ಚರ್ಮ ಹೊದ್ದ ಕೊಂಬಿನ ಗಂಡು, ತುಂಬಿದ ಹೊಟ್ಟೆಯ ಹೆಣ್ಣು, ವಾರದ ಮರಿ ಎಲ್ಲವೂ ಒಟ್ಟಿಗೆ ಇರುತ್ತವೆ. ಬಿಳಿಬಾಲದ ಜಿಂಕೆಯ ವಿಷಯದಲ್ಲಿ ಕ್ಯಾಲೆಂಡರ್ ಕೊಡುವ ಭರವಸೆ ಇಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಮಾವನ ಮನೆಯಲ್ಲಿ ಕಾನೂನಿನಲ್ಲಿಲ್ಲದ ಒಂದು ಕಟ್ಟಳೆ ಇದೆ: ಹೆಣ್ಣನ್ನು ಆಯ್ದುಕೊಂಡ ಮೇಲೆ ಕಾಲು ಗಂಟೆ ಕಾಯಬೇಕು, ಪೊದೆಯಿಂದ ಮರಿ ಬಂದು ಅದರ ಕೆಳಗೆ ಬಾಯಿ ಹಾಕುತ್ತದೆಯೇ ನೋಡಬೇಕು. ನಾನು ಕಾದೆ, ಮರಿ ಬರಲಿಲ್ಲ, ಹೊಡೆದೆ. ಹತ್ತಿರ ಹೋಗಿ ನೋಡಿದರೆ ಕೆಚ್ಚಲು ಒಣಗಿತ್ತು. ಆ ಚುಕ್ಕೆಗಳ ಸಾಲನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ರೂಢಿಯಂತೆ ಜೇಬಿನಿಂದ ಲೈಸೆನ್ಸ್ ತೆಗೆದೆ. ಕತ್ತರಿಸಲು ದಿನಾಂಕವಿಲ್ಲ, ಕಟ್ಟಲು ಟ್ಯಾಗಿಲ್ಲ, ಬರೆಯಲು ಮಾವನ ಪುಸ್ತಕದಲ್ಲಿ ಅಂಕಣವೂ ಇಲ್ಲ. ಅದನ್ನು ಹೊಡೆದದ್ದಕ್ಕೆ ನನಗೆ ವಿಷಾದವಿಲ್ಲ. ಓಕ್ ಸಸಿಯೊಂದು ಮೊಣಕಾಲೆತ್ತರಕ್ಕೆ ಏರದ ಈ ನೆಲದಲ್ಲಿ ಅದನ್ನು ಹೊಡೆಯುವುದೇ ಸರಿ. ಆದರೆ ಸತ್ತದ್ದನ್ನು ಯಾರೂ ಎಲ್ಲಿಯೂ ನಮೂದಿಸದೆ ಇರುವುದು ನನಗೆ ಸರಿ ಕಾಣಲಿಲ್ಲ. ಹಂಗಾಮು ಎಂಬುದು ಪ್ರಾಣಿಯನ್ನು ಕಾಪಾಡುವ ಬೇಲಿ ಎಂದಷ್ಟೇ ತಿಳಿದಿದ್ದೆ. ಹೊಡೆಯುವವನನ್ನು ಲೆಕ್ಕಕ್ಕೆ ಒಳಪಡಿಸುವ ಕೆಲಸವೂ ಅದರದೇ ಎಂಬುದು, ಅದಿಲ್ಲದ ಪ್ರಾಣಿಯ ಮುಂದೆ ನಿಂತಾಗ ತಿಳಿಯಿತು.

ಮಾಂಸದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಬಿಳಿಬಾಲದ ಜಿಂಕೆಯದು ಹಂದಿಮಾಂಸದ ಜೊತೆ ಬೆರೆತು ಸಾಸೇಜ್ ಆಗುತ್ತದೆ, ಅದು ಈ ಮನೆಯ ನೂರು ವರ್ಷದ ಕ್ರಮ, ಅದರಲ್ಲಿ ನಾನು ಕೈಹಾಕುವುದಿಲ್ಲ. ಚುಕ್ಕೆ ಜಿಂಕೆಯದು ಮೆದು, ಕಾಡುವಾಸನೆ ಕಡಿಮೆ. ಧನಿಯ, ಮೆಣಸು, ಹುರಿದ ಕಾಯಿ ಹಾಕಿ ಸಾರು ಮಾಡಿ, ಆಸ್ಟಿನ್ನಿನ ಅಂಗಡಿಯ ಅಕ್ಕಿತರಿಯಲ್ಲಿ ಕಡುಬು ಕಟ್ಟಿದೆ. ಮಾವ ಎರಡು ಸಲ ಬಡಿಸಿಕೊಂಡರು. ಊರಿಗೆ ಫೋನಿನಲ್ಲಿ ಹೇಳಿದಾಗ ಅಪ್ಪ ಧ್ವನಿ ತಗ್ಗಿಸಿ, ಇದನ್ನೆಲ್ಲ ಫೋನಿನಲ್ಲಿ ಹೇಳಬೇಡ ಎಂದರು.

ಈಗ ಮನೆಯಲ್ಲಿ ವಾದವೊಂದು ನಡೆದಿದೆ. ಪರೀಕ್ಷೆಗೆ ಒಳಪಡಿಸಿದರೆ ಆಕ್ಸಿಸ್ ಮಾಂಸವನ್ನು ಮಾರಬಹುದು, ಒಳ್ಳೆಯ ಕೊಂಬಿನ ಗಂಡಿಗೆ ನಗರದ ಬೇಟೆಗಾರರು ಸಾವಿರಾರು ಡಾಲರ್ ಕೊಡುತ್ತಾರೆ. ಆದ್ದರಿಂದ ಗಂಡುಗಳನ್ನು ಉಳಿಸಿ ಬೆಳೆಸೋಣ, ಬಿಳಿಬಾಲದ ಎರಡು ತಿಂಗಳ ಗೇಣಿಗಿಂತ ಹನ್ನೆರಡು ತಿಂಗಳ ಆದಾಯ ಲೇಸು ಎನ್ನುವುದು ಮೈದುನನ ಲೆಕ್ಕ. ಗಂಡುಗಳನ್ನು ಮಾರುತ್ತ ಹೆಣ್ಣುಗಳನ್ನು ಬಿಟ್ಟರೆ ಹತ್ತು ವರ್ಷದಲ್ಲಿ ಮೇವೂ ಇರುವುದಿಲ್ಲ, ಬಿಳಿಬಾಲವೂ ಇರುವುದಿಲ್ಲ ಎನ್ನುವುದು ಮಾವನ ಉತ್ತರ. ಮೈದುನನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ, ಜಮೀನನ್ನು ಮಕ್ಕಳ ಕಾಲಕ್ಕೆ ದಾಟಿಸಬೇಕಾದವನು ಅವನೇ. ಆದರೂ ನನ್ನ ಮತ ಮಾವನ ಕಡೆಗಿದೆ, ಚುಕ್ಕೆ ಜಿಂಕೆಯ ನಾಡಿನವಳು ಅದರ ವಿರುದ್ಧವೇ ಮತ ಹಾಕುತ್ತಿದ್ದಾಳೆ ಎಂದು ಅತ್ತೆ ನಗುತ್ತಾರೆ. ಸದ್ಯಕ್ಕೆ ಒಪ್ಪಂದವಾಗಿರುವುದು ಇಷ್ಟೇ: ಬರುವ ಹಂಗಾಮಿನ ಗೇಣಿಯ ಕರಾರಿನಲ್ಲಿ, ಕೊಂಬಿನ ಗಂಡು ಬೇಕೆಂದವನು ಮೊದಲು ಎರಡು ಹೆಣ್ಣು ಆಕ್ಸಿಸ್ ಹೊಡೆದು, ತೂಕವನ್ನೂ ದವಡೆಯನ್ನೂ ಕೊಟ್ಟು ಹೋಗಬೇಕು. ಅದಕ್ಕಾಗಿ ಮಾವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅಡಿಕೋಲು ಇಟ್ಟು ಗೆರೆ ಎಳೆದಿದ್ದಾರೆ. ಆಗಸ್ಟಿನಲ್ಲಿ ಟ್ರಕ್ಕಿನ ಹಿಂಬದಿಯಲ್ಲಿ ನಿಂತು ಲೈಟು ಬೀಸುತ್ತ ಜಿಂಕೆಗಳನ್ನು ಎಣಿಸುವಾಗ ಇಲ್ಲಿಯವರೆಗೆ ಆಕ್ಸಿಸ್ ಕಣ್ಣುಗಳನ್ನು ಬಿಟ್ಟು ಎಣಿಸುತ್ತಿದ್ದರು. ಈ ಸಲ ಅವುಗಳನ್ನು ಎಣಿಸುವ ಕೆಲಸವನ್ನು ನನಗೆ ವಹಿಸಿದ್ದಾರೆ.